ಬೆನ್ನ ಹಿಂದೆ ಬಂದ ಬಸ್ಸು

ಟೈಲರಮ್ಮ ಬಾಯಲ್ಲಿ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕಿಟಕಿ ಪರದೆಯ ಅಂಚು ಮಡಿಸುತ್ತಿದ್ದಳು. ಎದುರಿನ ಬೆಂಚಿನಲ್ಲಿ ಕೂತಿದ್ದ ಚಿತ್ರಮಂದಿರ ಮಾಲೀಕರ ಸಂಘದ ಅಧ್ಯಕ್ಷರು ಅವಳ ಗಂಡನನ್ನು ‘ಮೃದುಭಾಷಿ’ ಎಂದುಬಿಟ್ಟರು. ಒಂದು ಸೂಜಿ ಗಂಟಲಿಗೆ ಇಳಿಯುವುದು ಕೂದಲೆಳೆಯಲ್ಲಿ ತಪ್ಪಿತು.

ಸೂಜಿಗಳನ್ನೆಲ್ಲ ಅಂಗೈಗೆ ಉಗಿದುಕೊಂಡು ಅವಳು ಕೇಳಿದಳು: “ಯಾರು?”

“ನಮ್ಮ ಇಂಜಿನಿಯರ್ ಸಾಹೇಬ್ರು ಅಮ್ಮ. ಮೃದುಭಾಷಿ, ಅಜಾತಶತ್ರು. ನಮ್ಮ ಥಿಯೇಟರುಗಳಿಗೆ ಮಾತು ಕಲಿಸಿದ ಮಹಾನುಭಾವ. ಅಂಥವರಿಗೆ ಒಂದು ಶ್ರದ್ಧಾಂಜಲಿ ಸಭೆ ಮಾಡ್ದೇ ಇದ್ರೆ ನಮ್ಮ ಸಂಘ ಇದ್ದೇನು, ಬಿಟ್ಟೇನು?”

ಇದೇ ಅಧ್ಯಕ್ಷರನ್ನು ಅವಳ ಗಂಡ ಹತ್ತು ಜನರ ಮುಂದೆ “ಕಿವಿ ಇರೋ ಜಾಗದಲ್ಲಿ ಬಾಗಿಲ ಹಿಡಿಕೆ ಅಂಟಿಸ್ಕೊಂಡಿರೋ ಗಿರಾಕಿ” ಎಂದು ಕರೆದಿದ್ದ. ಅದು ಅಧ್ಯಕ್ಷರಿಗೂ ಮರೆತಿರಲಾರದು. ಆದರೆ ಸತ್ತವರ ವಿಷಯದಲ್ಲಿ ಜನಕ್ಕೆ ಒಂದು ಥರದ ಜ್ವರ ಬರುತ್ತದೆ; ಬಾಯಲ್ಲಿ ಸಕ್ಕರೆ ಬಿಟ್ಟು ಬೇರೇನೂ ಬರುವುದಿಲ್ಲ.

“ಅಜಾತಶತ್ರುನಾ?” ಎಂದಳು ಟೈಲರಮ್ಮ. “ಶತ್ರು ಹುಟ್ಟೋ ತನಕ ಕಾಯೋ ತಾಳ್ಮೆ ಎಲ್ಲಿತ್ತು ನಮ್ಮನೆಯವರಿಗೆ? ತಾವೇ ಹೆತ್ತು, ತಾವೇ ಸಾಕ್ತಿದ್ರು.”

ಅಧ್ಯಕ್ಷರು ನಕ್ಕರು. ಜೊತೆಗೆ ಬಂದಿದ್ದ ಕಾರ್ಯದರ್ಶಿಯೂ, ಅಧ್ಯಕ್ಷರು ನಕ್ಕಿದ್ದನ್ನು ಖಚಿತಪಡಿಸಿಕೊಂಡು, ನಕ್ಕ. ಹಳೆಯ ಥಿಯೇಟರಿನಲ್ಲೇ ಸಭೆ. ಗೋಡೆಗೆ ಒಂದು ಕಲ್ಲಿನ ಫಲಕ. ಅದರ ಮೇಲೆ ಇಂಜಿನಿಯರನ ಹೆಸರು, ಕೆಳಗೆ ‘ಹಿಂದಿನಿಂದ ಶಬ್ದ ತಂದ ಮೊದಲಿಗ’ ಎಂಬ ಸಾಲು. ಕಲ್ಲು ಆಗಲೇ ಕೆತ್ತಿ ಆಗಿದೆ. ಅಮ್ಮ ಬಂದು ಎರಡು ಮಾತಾಡಬೇಕು, ಮತ್ತು ಒಂದು ಒಳ್ಳೆಯ ಫೋಟೋ ಕೊಡಬೇಕು.

“ನಾನು ಮಾತಾಡಲ್ಲ,” ಎಂದಳು ಟೈಲರಮ್ಮ. “ಮಾತಾಡೋರು ಬೇರೆ ಇದ್ದಾರೆ. ಆ ಮೈಕ್‌ಸೆಟ್ ಕಹಳೆನ ಕರೀರಿ.”

ಕಾರ್ಯದರ್ಶಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದ. ಹಿಡಿದದ್ದು ಹಾಗೇ ಉಳಿಯಿತು. ಬಿಸ್ಕತ್ತು ಕಳಚಿ ತಳ ಸೇರಿತು.

“ಅಮ್ಮ, ಆ ಮನುಷ್ಯ ಸಾಹೇಬ್ರ ಮೇಲೆ ಕುರ್ಚಿ ಎಸ್ದಿದ್ದ!”

“ಕುರ್ಚಿ ಎಲ್ಲಿ ಎಸ್ದ? ಸ್ಟೂಲು. ಅದಕ್ಕೂ ಮೊದ್ಲು ನಮ್ಮನೆಯವರು ಬೆಸುಗೆ ಕಡ್ಡಿ ಎಸ್ದಿದ್ರು. ಕಾದಿದ್ದು.”

“ಅವನ್ನ ಕರೆದ್ರೆ ಬೈತಾನೆ.”

“ಬೈಲಿ ಅಂತಲೇ ಕರೀರಿ ಅಂದಿದ್ದು. ಅವನು ಬಂದ್ರೆ ನಾನು ಬರ್ತೀನಿ, ಫೋಟೋನೂ ಬರುತ್ತೆ. ಇಲ್ಲಾಂದ್ರೆ ನೀವು ನಿಮ್ಮ ಮೃದುಭಾಷಿನ ಎಲ್ಲಿಂದಾದ್ರೂ ಹುಡುಕ್ಕೊಂಡು ಬನ್ನಿ.”

ಅವರು ಹೋದ ಮೇಲೆ ಒಳಗಿನಿಂದ ಮಗಳು ಬಂದಳು. ಮಗಳು ಆಸ್ಪತ್ರೆಯಲ್ಲಿ ನರ್ಸು. ಗಲಾಟೆ ಮಾಡುವವರನ್ನು ಮಲಗಿಸುವುದೇ ಅವಳ ವೃತ್ತಿ. “ಅಮ್ಮ, ಅಪ್ಪ ಹೋಗಿ ಇನ್ನೂ ತಿಂಗಳೂ ಆಗಿಲ್ಲ. ಯಾಕೆ ಬೇಕು ಈ ರಗಳೆ?” ಎಂದಳು.

ಮೂರ್ನಾಲ್ಕು ವಾರದಿಂದ ಮನೆಗೆ ಜನ ಬರುತ್ತಲೇ ಇದ್ದರು. ಬಂದವರೆಲ್ಲ ಬೆಂಚಿನ ಮೇಲೆ ಕೂತು ಯಾರೋ ಶಾಂತ ಸ್ವಭಾವದ, ಹಸನ್ಮುಖಿ, ಸೌಮ್ಯ ಮನುಷ್ಯನ ಬಗ್ಗೆ ಮಾತಾಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅಂಥ ಒಬ್ಬನ ಜೊತೆ ಅವಳು ಒಂದು ದಿನವೂ ಸಂಸಾರ ಮಾಡಿರಲಿಲ್ಲ. ತಾನು ಸಂಸಾರ ಮಾಡಿದ ಮನುಷ್ಯನನ್ನು ಕಂಡವರು ಇನ್ನೊಬ್ಬರಾದರೂ ಇದ್ದಾರೋ ಇಲ್ಲವೋ ಎಂದು ಅವಳಿಗೆ ದಿಗಿಲಾಗತೊಡಗಿತ್ತು.

ಆ ಮನುಷ್ಯನನ್ನು ಊರೆಲ್ಲ ‘ಚಪ್ಪಾಳೆ ಇಂಜಿನಿಯರ್’ ಎನ್ನುತ್ತಿತ್ತು. ಇಂಜಿನಿಯರ್ ಎಂದು ಯಾವ ಕಾಲೇಜೂ ಹೇಳಿರಲಿಲ್ಲ. ಅವನೇ ಹೇಳಿಕೊಂಡಿದ್ದ, ಎರಡನೇ ಸಲ ಹೇಳುವಷ್ಟರಲ್ಲಿ ಜನ ನಂಬಿದ್ದರು. ಚಪ್ಪಾಳೆ ಮಾತ್ರ ಊರು ಕೊಟ್ಟ ಬಿರುದು. ಯಾವ ಕೋಣೆಗೆ ಹೋದರೂ ಅವನು ಮೊದಲು ಮಾಡುತ್ತಿದ್ದ ಕೆಲಸ ನಟ್ಟ ನಡುವೆ ನಿಂತು ಟಪ್ ಎಂದು ಒಂದು ಚಪ್ಪಾಳೆ ತಟ್ಟುವುದು. ಆಮೇಲೆ ತಲೆ ಓರೆ ಮಾಡಿ, ಆ ಸದ್ದು ಯಾವ ಗೋಡೆಯಿಂದ ಎಷ್ಟು ಹೊತ್ತಿಗೆ ಹಿಂದಿರುಗಿತು ಎಂದು ಕೇಳುವುದು. ಬ್ಯಾಂಕು, ಆಸ್ಪತ್ರೆ, ಮದುವೆ ಮನೆ, ಸಾವಿನ ಮನೆ ಎಂಬ ಭೇದವಿರಲಿಲ್ಲ. ಒಬ್ಬ ಮಾಲೀಕನ ಹೆಂಡತಿ ತೀರಿಕೊಂಡಾಗ ಮಾತಾಡಿಸಲು ಹೋದವನು ಹೆಣದ ತಲೆದೆಸೆಯಲ್ಲಿ ನಿಂತು ಚಪ್ಪಾಳೆ ಹೊಡೆದು, “ಸೂರು ಎತ್ತರ ಜಾಸ್ತಿ ಆಯ್ತು,” ಎಂದಿದ್ದ. ಆ ಮಾಲೀಕ ಸಾಯುವ ತನಕ ಇವನೊಂದಿಗೆ ಮಾತು ಬಿಟ್ಟಿದ್ದ.

ಟೈಲರಮ್ಮನ ತವರಿಗೂ ಅವನು ಹಾಗೇ ಬಂದಿದ್ದು. ರೇಡಿಯೋ ರಿಪೇರಿಗೆಂದು ಬಂದವನು ನಡುಮನೆಯಲ್ಲಿ ಚಪ್ಪಾಳೆ ತಟ್ಟಿದ. ಮನೆಯ ಆಳನ್ನು ಕರೆಯುತ್ತಿದ್ದಾನೆ ಎಂದುಕೊಂಡ ಅವಳಪ್ಪ, “ಯಾವನೋ ಅವನು ನನ್ನ ಮನೇಲಿ ದರ್ಬಾರು ಮಾಡೋನು?” ಎಂದು ಗುಡುಗಿದ. ಹುಡುಗ ಹೆದರಲಿಲ್ಲ. ಇನ್ನೊಂದು ಸಲ ಬೈಯಿರಿ ಸ್ವಾಮಿ, ಆ ಮೂಲೆಯಲ್ಲಿ ನಿಂತು, ಎಂದ. ಅವಳು ಬಾಗಿಲ ಮರೆಯಲ್ಲಿ ನಿಂತು ನಕ್ಕಳು. ಆ ನಗು ಎಲ್ಲಿಂದ ಬಂತೆಂದು ಅವನು ನೋಡದೆಯೇ ಬೆರಳು ತೋರಿಸಿದ. ಆಮೇಲಿನದ್ದೆಲ್ಲ ರೇಡಿಯೋಗೆ ಸಂಬಂಧಪಟ್ಟದ್ದಲ್ಲ.

ಆ ಕಾಲದ ಥಿಯೇಟರೆಂದರೆ ಮೇಲೆ ತಗಡು, ಕೆಳಗೆ ಬೆಂಚು, ಪರದೆಯ ಹಿಂದೆ ಒಂದು ಸ್ಪೀಕರ್ ಡಬ್ಬ. ಮಾತು ಪರದೆಯಿಂದ ಹೊರಟು, ನಾಲ್ಕೂ ಗೋಡೆಗೆ ಡಿಕ್ಕಿ ಹೊಡೆದು, ಜನರ ಕಿವಿ ತಲುಪುವಷ್ಟರಲ್ಲಿ ಗುರುತು ಸಿಗದಂತಾಗುತ್ತಿತ್ತು. ಖಳನಾಯಕ ಚಾಕು ಹಿರಿದು “ಕೊಲ್ತೀನಿ” ಎಂದರೆ ಜನಕ್ಕೆ “ಕೊಡ್ತೀನಿ” ಎಂದು ಕೇಳುತ್ತಿತ್ತು. ಏನು ಕೊಡುತ್ತಾನೋ ಎಂದು ಅವರು ಕಾದು ಕೂರುತ್ತಿದ್ದರು.

ಚಪ್ಪಾಳೆ ಇಂಜಿನಿಯರ್ ಇದಕ್ಕೆ ಕಂಡುಕೊಂಡ ಔಷಧ ಹಾಸಿಗೆ. ಗೋಡೆ ಮೆತ್ತಗಿದ್ದರೆ ಸದ್ದು ಹಿಂದಿರುಗುವುದಿಲ್ಲ ಎಂದು ಮೊದಲು ಮನೆಯ ಹಾಸಿಗೆ ಹೊತ್ತುಕೊಂಡು ಹೋದ. ಆಮೇಲೆ ಅತ್ತೆಯ ಮನೆಯದು. ಆಮೇಲೆ ಯಾವುದೋ ಮುಚ್ಚಿಹೋದ ಹಾಸ್ಟೆಲಿನಿಂದ ಒಂದು ಗಾಡಿ ತುಂಬ. ಎಲ್ಲವನ್ನೂ ಗೋಡೆಗೆ ಹೊಡೆಸಿದ. ನವದಂಪತಿ ಚಾಪೆಯ ಮೇಲೆ ಮಲಗಿದರು. ಖಳನಾಯಕನ ಮಾತು ಮೊದಲ ಬಾರಿಗೆ ಅಚ್ಚುಕಟ್ಟಾಗಿ ಕೇಳಿತು. ಹಾಸ್ಟೆಲಿನ ಹಾಸಿಗೆಯಲ್ಲಿದ್ದ ತಿಗಣೆಗಳು ಮಾತ್ರ ಸಿನಿಮಾಕ್ಕಿಂತ ಪ್ರೇಕ್ಷಕರನ್ನೇ ಇಷ್ಟಪಟ್ಟವು. ಇಡೀ ಸಭಾಂಗಣ ಪರಪರ ಕೆರೆದುಕೊಳ್ಳುತ್ತ ಕೂತಿತ್ತು. ಮಾಲೀಕ ಬಂದು ಕೂಗಾಡಿದ್ದಕ್ಕೆ ಇವನು, “ಕೆರ್ಕೊಳೋ ಸದ್ದು ಎಷ್ಟು ಸ್ಪಷ್ಟವಾಗಿ ಕೇಳ್ತಿದೆ ನೋಡಿದ್ರಾ? ಮೊದ್ಲು ಕೇಳ್ತಿತ್ತಾ?” ಎಂದ.

ಕಡೆಗೆ ಹಾಸಿಗೆ ತೆಗೆಸಿ, ಟೈಲರಮ್ಮ ದಪ್ಪ ಬಟ್ಟೆಗೆ ಒತ್ತೊತ್ತಾಗಿ ನೆರಿಗೆ ಹಿಡಿದು ಗೋಡೆಯುದ್ದಕ್ಕೂ ಹೊಲಿದುಕೊಟ್ಟಳು. ಅದು ಹತ್ತೂರಿನ ಥಿಯೇಟರಿಗೆ ಮಾದರಿಯಾಯಿತು. ಅವಳ ಇನ್ನೊಂದು ಕೆಲಸ ಖಾಲಿ ಥಿಯೇಟರಿನಲ್ಲಿ ಅವನು ಹೇಳಿದ ಕುರ್ಚಿಗಳಲ್ಲಿ ಒಂದೊಂದಾಗಿ ಕೂತು, ಮಾತು ಕೇಳಿತೋ ಇಲ್ಲವೋ ಹೇಳುವುದು. “ನನ್ನ ಕಿವಿ ಕಲಿತು ಕೆಟ್ಟಿದೆ ಕಣೆ. ನಿನ್ನದು ಟಿಕೆಟ್ ತಗೊಂಡು ಬರೋರ ಕಿವಿ,” ಎನ್ನುತ್ತಿದ್ದ. ಅದನ್ನು ಅವನು ಹೊಗಳಿಕೆ ಎಂದೇ ಭಾವಿಸಿದ್ದ.

ಇನ್ನು ಕಹಳೆ. ಅವನು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು, ಮೊದಮೊದಲು ಇವನ ಪಾಲುದಾರ. ಇಬ್ಬರಿಗೂ ಸೇರಿ ಒಂದೇ ಅಂಗಡಿ, ಎರಡು ಸ್ಟೂಲು. ಸದ್ದು ದೊಡ್ಡದಿರಬೇಕು, ಸತ್ತವರೂ ಎದ್ದು ಕೂರಬೇಕು ಎಂಬುದು ಕಹಳೆಯ ವೇದಾಂತ. ಸದ್ದು ಸ್ವಚ್ಛವಿರಬೇಕು, ಎದ್ದು ಕೂತವರಿಗೆ ಅರ್ಥವಾಗಬೇಕು ಎಂಬುದು ಚಪ್ಪಾಳೆಯ ವಾದ. ಜಗಳದಲ್ಲೇ ಅವರು ಕೆಲವು ವರ್ಷ ಸುಖವಾಗಿದ್ದರು. ಆಮೇಲೆ ಪ್ರೇಕ್ಷಕರ ಬೆನ್ನ ಹಿಂದಿನಿಂದ ಸದ್ದು ಬರಿಸುವ ಹೊಸ ವಿದ್ಯೆ ಬಂತು, ಪತ್ರಿಕೆಯಲ್ಲಿ ಇಂಜಿನಿಯರನ ಹೆಸರೊಂದೇ ಬಂತು, ಬೆಸುಗೆ ಕಡ್ಡಿ ಅತ್ತ ಹಾರಿತು, ಸ್ಟೂಲು ಇತ್ತ ಹಾರಿತು. ಅಂದಿನಿಂದ ಮಾತಿಲ್ಲ. ಆದರೆ ಒಬ್ಬ ಹೊಸದಾಗಿ ಸದ್ದು ಕೂರಿಸಿದ ಥಿಯೇಟರಿಗೆ ಇನ್ನೊಬ್ಬ ಮೊದಲ ವಾರವೇ ಟಿಕೆಟ್ ಕೊಂಡು ಹೋಗಿ, ಹೊರಗೆ ಬಂದು, ಕೇಳಿದವರಿಗೂ ಕೇಳದವರಿಗೂ ಅದನ್ನು ಉಗಿಯುವುದನ್ನು ಮಾತ್ರ ಇಬ್ಬರೂ ತಪ್ಪಿಸಲಿಲ್ಲ.

ಟೈಲರಮ್ಮ ಮರುದಿನವೇ ಕಹಳೆಯ ಅಂಗಡಿಗೆ ಹೋದಳು. ಹಳೆಯ ಮೈಕ್ ಹಾರ್ನುಗಳು ಒಂದರೊಳಗೊಂದು ಬಾಯಿಟ್ಟು ಸೂರಿನ ತನಕ ಪೇರಿಕೊಂಡಿದ್ದವು. ಅವುಗಳ ನಡುವೆ ಕಹಳೆ ಭೂತಗನ್ನಡಿ ಹಿಡಿದು ಪತ್ರಿಕೆ ಓದುತ್ತಿದ್ದ. ಅವಳನ್ನು ನೋಡಿ ಏಳಲು ಹೋಗಿ, ಒಂದು ಹಾರ್ನಿಗೆ ತಲೆ ತಾಗಿಸಿಕೊಂಡು, ಮತ್ತೆ ಕೂತ.

“ಬನ್ನಿ ಅತ್ತಿಗೆ.”

“ಮಣ್ಣಿಗೂ ಬರ್ಲಿಲ್ಲವಲ್ಲಪ್ಪ ನೀನು?”

“ಬಂದಿದ್ದೆ. ರಸ್ತೆ ಆ ಕಡೆ ನಿಂತಿದ್ದೆ. ಹತ್ರ ಬಂದ್ರೆ ಎದ್ದು ಬೈತಾನೆ ಅಂತ ವಾಪಸ್ ಹೋದೆ.”

“ಎದ್ದಿದ್ರೆ ಒಳ್ಳೇದೇ ಆಗ್ತಿತ್ತಲ್ಲ.”

ಕಹಳೆ ಮೂಗೊರೆಸಿಕೊಂಡು ಪತ್ರಿಕೆಯನ್ನು ಮಡಿಸಿದ, ಮತ್ತೆ ಬಿಚ್ಚಿದ, ಮತ್ತೆ ಮಡಿಸಿದ.

ಅವಳು ಸಭೆಯ ವಿಷಯ ತೆಗೆದಳು. ಅವನು ಎರಡೂ ಕೈ ಎತ್ತಿಬಿಟ್ಟ. “ಶ್ರದ್ಧಾಂಜಲಿನಾ? ನನಗೆ ಅವನ ಮೇಲೆ ಶ್ರದ್ಧೆನೂ ಇಲ್ಲ, ಅಂಜಲಿನೂ ಇಲ್ಲ. ಹೊಗಳೋರು ಹೊಗಳ್ಲಿ. ನಾನು ಬಂದು ಬಾಯಿ ಬಿಟ್ರೆ ನಿಮಗೇ ಅವಮಾನ.”

“ನಿನ್ನಿಷ್ಟ,” ಎಂದು ಅವಳು ಚೀಲ ಎತ್ತಿಕೊಂಡಳು. “ಕಲ್ಲಲ್ಲಿ ಕೆತ್ತಿಸಿದ್ದಾರಂತೆ, ಅದನ್ನಾದ್ರೂ ನೋಡು ಅಂತ ಕರೆಯೋಕೆ ಬಂದೆ. ‘ಹಿಂದಿನಿಂದ ಶಬ್ದ ತಂದ ಮೊದಲಿಗ’ ಅಂತ.”

ಕಹಳೆ ಈ ಸಲ ಎದ್ದೇ ನಿಂತ. ಹಾರ್ನು ತಲೆಗೆ ಬಡಿದದ್ದು ಅವನ ಗಮನಕ್ಕೆ ಬರಲಿಲ್ಲ.

“ಮೊದಲಿಗನಾ? ಅವನಾ? ಕಲ್ಲಲ್ಲಾ?”

“ಕರೀ ಕಲ್ಲಂತೆ. ಅಕ್ಷರಕ್ಕೆ ಬಂಗಾರದ ಬಣ್ಣ.”

“ಸಭೆ ಯಾವತ್ತು?” ಎಂದ ಕಹಳೆ.

ಸಭೆಯ ದಿನ ಭಾನುವಾರ ಬೆಳಿಗ್ಗೆ ಹಳೆಯ ಥಿಯೇಟರು ತುಂಬಿತ್ತು. ಟಿಕೆಟ್ ಹರಿಯುವವರು, ಪ್ರೊಜೆಕ್ಟರ್ ನಡೆಸುವವರು, ಸೋಡಾ ಮಾರುವವರು, ಅವರ ಮನೆಮಂದಿ. ಮುಂದಿನ ಸಾಲಿನಲ್ಲಿ ಮಾಲೀಕರು. ಟೈಲರಮ್ಮ ಒಳಗೆ ಬಂದವಳೇ ತಾನು ಹಿಡಿದ ನೆರಿಗೆಗಳನ್ನು ನೋಡಿದಳು; ಒಂದು ಕಡೆ ಇಲಿ ಕಡಿದಿತ್ತು. ಆಮೇಲೆ ವೇದಿಕೆಯ ಮೇಲಿನ ಫೋಟೋ ನೋಡಿದಳು.

ಅವಳು ಕೊಟ್ಟ ಚಿತ್ರದಲ್ಲಿ ಇಬ್ಬರಿದ್ದರು: ನಗುತ್ತಿರುವ ಇಂಜಿನಿಯರ್ ಮತ್ತು ಅವನ ಹೆಗಲ ಮೇಲೆ ಕೈ ಹಾಕಿಕೊಂಡ ಕಹಳೆ. ಅವನು ನಕ್ಕ ಫೋಟೋ ಇದ್ದದ್ದು ಅದೊಂದೇ. ಸಂಘದವರು ಕಹಳೆಯನ್ನು ಕತ್ತರಿಸಿ, ಉಳಿದದ್ದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿಸಿದ್ದರು. ಆದರೆ ಹೆಗಲ ಮೇಲಿನ ಕೈಯನ್ನು ಕತ್ತರಿಸಲು ಹೋದರೆ ಹೆಗಲೂ ಹೋಗುತ್ತಿತ್ತು. ಹಾಗಾಗಿ ನಗುಮುಖದ ಇಂಜಿನಿಯರನ ಹೆಗಲ ಮೇಲೆ ಎಲ್ಲಿಂದಲೋ ಬಂದ ಐದು ಬೆರಳು ಕೂತಿದ್ದವು.

“ಯಾರದಮ್ಮ ಅದು ಕೈ?” ಎಂದು ಮಗಳು ಪಿಸುಗುಟ್ಟಿದಳು.

“ಅದೇ ಮಾತಾಡುತ್ತೆ ಇರು,” ಎಂದಳು ಟೈಲರಮ್ಮ.

ಅಧ್ಯಕ್ಷರು ಮಾತಾಡಿದರು. ಮೈಕು ಮಧ್ಯೆ ಮಧ್ಯೆ ಕುಂಯ್ ಎಂದಿತು. ದಿವಂಗತರು ಎಂದೂ ಯಾರಿಗೂ ನೋವು ಮಾಡಿದವರಲ್ಲ, ಕೋಪವೆಂದರೆ ಅರಿಯದವರು, ಎಂದರು. ಹಿಂದಿನ ಸಾಲಿನಲ್ಲಿ ಒಬ್ಬ ಪ್ರೊಜೆಕ್ಟರ್ ಆಪರೇಟರನಿಗೆ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಕಾರ್ಯದರ್ಶಿ ಮಾತಾಡಿದ, ಅಧ್ಯಕ್ಷರು ಹೇಳಿದ್ದನ್ನೇ ಇನ್ನೂ ಉದ್ದವಾಗಿ. ಕೊನೆಗೆ, ಸಮಯದ ಅಭಾವ ಇರುವುದರಿಂದ ಒಬ್ಬ ಹಳೆಯ ಪರಿಚಿತರು ಎರಡೇ ಎರಡು ಮಾತು ಆಡುತ್ತಾರೆ ಎಂದು ಕಹಳೆಯನ್ನು ಕರೆದರು.

ಕಹಳೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ವೇದಿಕೆ ಹತ್ತಿ ಮೈಕನ್ನು ಪಕ್ಕಕ್ಕೆ ಸರಿಸಿದ.

“ಇದು ಬೇಡ,” ಎಂದ. “ಈ ಹಾಲ್‌ನಲ್ಲಿ ಮಾತಾಡೋಕೆ ಮೈಕ್ ಬೇಕು ಅಂದ್ರೆ ಆ ಪಾಪಿ ಬದುಕಿದ್ದೇ ದಂಡ.”

ಮುಂದಿನ ಸಾಲು ಕುರ್ಚಿಯಲ್ಲಿ ಅಲ್ಲಾಡಿತು. ಕಹಳೆಯ ಮಾತು ಕಡೆಯ ಬಾಗಿಲ ತನಕ ಸಲೀಸಾಗಿ ಹೋಯಿತು.

“ಅಧ್ಯಕ್ಷರು ನನ್ನ ಪರಿಚಯ ಮಾಡ್ಕೊಡ್ಲಿಲ್ಲ. ಪರವಾಗಿಲ್ಲ, ಫೋಟೋದಲ್ಲಿ ಇದ್ದೀನಲ್ಲ.” ಅವನು ತನ್ನ ಬಲಗೈ ಎತ್ತಿ ಚಿತ್ರದ ಹೆಗಲ ಮೇಲಿನ ಕೈಗೆ ಜೋಡಿಸಿ ತೋರಿಸಿದ. “ಈ ಕೈ ನಂದು. ಇವನ ಕೆಲಸದಲ್ಲೆಲ್ಲ ಕಹಳೆದೇನೋ ಕೈವಾಡ ಇದೆ ಅಂತ ಜನ ಹೇಳ್ತಿದ್ರು. ನೋಡಿ, ಸಂಘದವರೇ ಸಾಕ್ಷಿ ಇಟ್ಟಿದ್ದಾರೆ.”

ಹಿಂದಿನ ಸಾಲುಗಳು ಹೋ ಎಂದವು.

“ಮೃದುಭಾಷಿ ಅಂದ್ರಿ. ಯಾರ್ರೀ ಮೃದುಭಾಷಿ? ಈ ನನ್ಮಗ ನನ್ನನ್ನ ಕರೀತಿದ್ದಿದ್ದು ‘ಲೋ ತಗಡು’ ಅಂತ. ಕೋಪ ಅರೀದೋನು ಅಂದ್ರಿ. ಪ್ರೊಜೆಕ್ಟರ್ ರೂಮಲ್ಲಿ ಇದ್ದೋರು ಕೈ ಎತ್ತಿ, ಯಾರ್ಯಾರಿಗೆ ಬೈದಿಲ್ಲ?” ಒಂದು ಕೈಯೂ ಏಳಲಿಲ್ಲ. “ನೋಡಿ. ಜಿಪುಣ ಅಂದ್ರೆ ಜಿಪುಣ. ವೈರು ತುಂಡು ಬಿಸಾಕ್ತಿರ್ಲಿಲ್ಲ, ಹಲ್ಲಲ್ಲಿ ಸುಲಿದು ಸುಲಿದು ಮುಂದಿನ ಹಲ್ಲು ಎರಡು ಸವೆಸ್ಕೊಂಡಿದ್ದ. ಹೆಂಡ್ತಿ ಹಾಸಿಗೆ ತಂದು ಗೋಡೆಗೆ ಹೊಡೆದೋನು. ಸಾವಿನ ಮನೇಲಿ ಚಪ್ಪಾಳೆ ತಟ್ಟಿದೋನು. ಆದ್ರೆ ಒಂದು ಹೇಳ್ತೀನಿ. ನಾನು ಅವನು ಮಾಡಿದ ಒಂದೊಂದು ಥಿಯೇಟರಿಗೂ ದುಡ್ಡು ಕೊಟ್ಟು ಹೋಗಿದ್ದೀನಿ, ತಪ್ಪು ಹುಡುಕೋಕೆ ಅಂತಲೇ. ಬೈಯೋಕೆ ಏನೂ ಸಿಗದೆ ಕುರ್ಚಿ ಸರಿ ಇಲ್ಲ ಅಂತ ಬೈದು ಬಂದಿದ್ದೀನಿ.”

ಜನ ನಗುತ್ತಿದ್ದರು. ಪ್ರೊಜೆಕ್ಟರ್ ಆಪರೇಟರ್ ಕೆಮ್ಮುವ ನಾಟಕ ಬಿಟ್ಟು ನೇರವಾಗಿ ನಗತೊಡಗಿದ್ದ. ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮೂರ್ನಾಲ್ಕು ವಾರಗಳಲ್ಲಿ ಮೊದಲ ಬಾರಿಗೆ ಅವಳ ಗಂಡ ಇದ್ದ ಹಾಗೇ ಎದುರಿಗೆ ಬಂದು ನಿಂತಿದ್ದ: ಸವೆದ ಹಲ್ಲು, ಓರೆ ತಲೆ ಸಮೇತ.

“ಈಗ ಆ ಕಲ್ಲಿನ ವಿಷಯ,” ಎಂದ ಕಹಳೆ. ಗೋಡೆಯ ಮೇಲೆ ರೇಷ್ಮೆ ಬಟ್ಟೆ ಮುಚ್ಚಿದ್ದ ಫಲಕದತ್ತ ಎಲ್ಲರೂ ತಿರುಗಿದರು. ಅಧ್ಯಕ್ಷರು ಕಾರ್ಯದರ್ಶಿಗೆ ಕಣ್ಣು ಮಾಡಿದರು. ಕಾರ್ಯದರ್ಶಿ ಗಡಿಯಾರ ತೋರಿಸಿದ. ಕಹಳೆ ಗಡಿಯಾರ ನೋಡಿ, “ಹೊತ್ತಿದೆ,” ಎಂದು ಮುಂದುವರಿಸಿದ.

“ಈ ಹಾಲ್‌ನಲ್ಲೇ ನಡೆದಿದ್ದು. ಹೊಸ ಡಬ್ಬ ಕೂರಿಸಿ ಪರೀಕ್ಷೆ ನಡೀತಿತ್ತು. ಪರದೆ ಹಿಂದೆ ಎಡಗಡೆ ಅವನ ಡಬ್ಬ, ಬಲಗಡೆ ನನ್ನ ಡಬ್ಬ. ಒಂದು ರೀಲು ಓಡ್ತಿದೆ. ಹಿಂದಿನ ಸಾಲಲ್ಲಿ, ಫ್ಯಾನಿನ ಕೆಳಗೆ, ಥಿಯೇಟರಿನೋರು ಎಲ್ಲ ಕೂತಿದ್ದಾರೆ. ಈ ಅಧ್ಯಕ್ಷರ ತಂದೆಯವರೂ ಇದ್ರು, ಪಕ್ಕದಲ್ಲಿ ಅವರ ಹೆಂಡ್ತಿ. ಈ ಅತ್ತಿಗೆನೂ ಇದ್ರು. ನಾನು ನನ್ನ ಡಬ್ಬದ ಸದ್ದು ಏರಿಸ್ತೀನಿ, ಅವನು ಬಂದು ಇಳಿಸ್ತಾನೆ. ನಾನು ಏರಿಸ್ತೀನಿ, ಅವನು ಇಳಿಸ್ತಾನೆ. ಕಡೆಗೆ ನನಗೆ ರೇಗಿಹೋಯ್ತು. ನಿನ್ನ ಸಹವಾಸನೇ ಬೇಡ, ನನ್ನ ಡಬ್ಬ ನಾನು ತಗೊಂಡ್ಹೋಗ್ತೀನಿ ಅಂತ, ವೈರು ಕೀಳೋಕೂ ತಾಳ್ಮೆ ಇಲ್ದೆ, ಹಂಗೇ ಎತ್ಕೊಂಡು ಹೊರಟೆ. ವೈರು ಉದ್ದ ಇತ್ತು, ಬಂತು ಹಿಂದೆ. ಕಡೇ ಬಾಗಿಲ ಹತ್ರ ಬರೋ ಹೊತ್ತಿಗೆ ಸೊಂಟ ಬಿದ್ದುಹೋಯ್ತು. ಇಳಿಸ್ದೆ. ಅಷ್ಟೊತ್ತಿಗೆ ಪಿಕ್ಚರಲ್ಲಿ ಬಸ್ಸು ಬಂತು. ಪೋಂ ಅಂತ!”

ಅವನು ಕೂಗಿದ ರಭಸಕ್ಕೆ ಮುಂದಿನ ಸಾಲಿನ ಮಾಲೀಕರೊಬ್ಬರು ಬೆಚ್ಚಿ ಹಿಂದೆ ನೋಡಿದರು.

“ಹಂಗೇ! ಎಲ್ರೂ ಹಂಗೇ ಹಿಂದೆ ನೋಡಿದ್ರು! ಟಿಕೆಟ್ ಹರಿಯೋನು ದಾರಿ ಬಿಟ್ಟು ಗೋಡೆಗೆ ಅಂಟ್ಕೊಂಡ. ಸೋಡಾದವನು ಕ್ರೇಟ್ ಬಿಸಾಕಿ ಓಡ್ದ. ಈ ಅಧ್ಯಕ್ಷರ ತಂದೆಯವರು, ಪುಣ್ಯಾತ್ಮ, ಹೆಂಡ್ತಿನ ಅಲ್ಲೇ ಬಿಟ್ಟು ತಾವು ಮಾತ್ರ ಕುರ್ಚಿ ಮೇಲೆ ಹತ್ತಿ ನಿಂತ್ರು! ನಾನು ಅವನ ಮುಖ ನೋಡ್ದೆ, ಅವನು ನನ್ನ ಮುಖ ನೋಡ್ದ. ‘ಅಲ್ಲೇ ಇರ್ಲಿ ಕಣೋ ತಗಡು’ ಅಂದ. ಇದೇ ಸ್ವಾಮಿ ಹಿಂದಿನಿಂದ ಸದ್ದು ತಂದ ಕಥೆ. ತಂದಿದ್ದು ನಾನು, ಹೊತ್ಕೊಂಡು. ಅವನು ಮಾಡಿದ್ದು ಏನು? ಸ್ವಿಚ್ ಆರಿಸ್ಲಿಲ್ಲ, ಅಷ್ಟೇ.”

ಅಧ್ಯಕ್ಷರು ಎದ್ದು ನಿಂತಿದ್ದರು. ಅವರ ತಂದೆ ಕುರ್ಚಿ ಹತ್ತಿದ ಸಂಗತಿ ಅವರಿಗೆ ಫಲಕಕ್ಕಿಂತ ಹೆಚ್ಚು ತಾಗಿತ್ತು. “ಅಮ್ಮ,” ಎಂದರು, “ನೀವು ಅಲ್ಲೇ ಇದ್ರಂತಲ್ಲ. ಇದೆಲ್ಲ ಸುಳ್ಳು ಅಂತ ಹೇಳಿಬಿಡಿ.”

ಟೈಲರಮ್ಮ ಮಾತಾಡುವುದಿಲ್ಲ ಎಂದೇ ಬಂದಿದ್ದಳು. ಎದ್ದಳು.

“ನಿಮ್ಮ ತಂದೆಯವರು ಕುರ್ಚಿ ಹತ್ತಿದ್ದು ನಿಜ,” ಎಂದಳು. “ಆದ್ರೆ ಒಂದು ಸುಳ್ಳಿದೆ.”

ಕಹಳೆ ಹುಬ್ಬು ಗಂಟಿಕ್ಕಿದ. “ಯಾವುದು ಅತ್ತಿಗೆ?”

“ಡಬ್ಬ ನೀನೊಬ್ಬನೇ ಎತ್ಕೊಂಡು ಹೋದೆ ಅನ್ನೋದು. ಅದನ್ನ ಒಬ್ಬ ಎತ್ತೋಕಾಗ್ತಿತ್ತೇನಪ್ಪ? ಎರಡಾಳು ಭಾರ. ನೀನು ಎರಡು ಹೆಜ್ಜೆ ಹಾಕಿ ತೂರಾಡ್ದೆ. ನಮ್ಮನೆಯವರು ಓಡಿ ಬಂದು ಇನ್ನೊಂದು ತುದಿ ಹಿಡ್ಕೊಂಡ್ರು. ‘ತೊಲಗೋದಾದ್ರೆ ತೊಲಗು, ಡಬ್ಬ ಒಡೀಬೇಡ ಮುಠ್ಠಾಳ’ ಅಂತ ಬೈತಾ ಬೈತಾ ಬಾಗಿಲ ತನಕ ಜೊತೇಲೇ ಹೊತ್ಕೊಂಡು ಬಂದ್ರು. ನೀನು ಹಿಮ್ಮುಖವಾಗಿ ನಡೀತಿದ್ದೆ, ಇವರು ನಿನ್ನ ಎದುರಿಗೆ. ಇಬ್ರೂ ಬಾಯಿಗೆ ಬಂದ ಹಾಗೆ ಬೈತಿದ್ರಿ, ಇಳಿಸೋವಾಗ ಮಾತ್ರ ‘ನಿಧಾನ, ನಿಧಾನ’ ಅಂತ ಇಬ್ರೂ ಅಂದ್ರಿ.”

ಕಹಳೆ ತನ್ನ ಬಲಗೈಯನ್ನು ನೋಡಿಕೊಂಡ, ಅದು ಏನನ್ನಾದರೂ ನೆನಪಿಟ್ಟಿದೆಯೇನೋ ಎಂಬಂತೆ.

“ಹೌದಾ?” ಎಂದ.

“ಹೌದು.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತಿಗೆ?”

“ಯಾರು ಮೊದ್ಲು, ಯಾರು ಮೊದ್ಲು ಅಂತ ಇಬ್ರೂ ನನ್ನ ತಲೆ ತಿಂದ್ರಿ. ಅವತ್ತು ಏನಾಯ್ತು ಅಂತ ಇಬ್ರಲ್ಲಿ ಒಬ್ರಾದ್ರೂ ಕೇಳಿದ್ರಾ?”

ಕಹಳೆ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತುಬಿಟ್ಟ. “ಹೌದು ಕಣ್ರೀ,” ಎಂದು ಯಾರಿಗೆಂದಿಲ್ಲದೆ ಹೇಳಿದ. “ಬೈತಾನೇ ಹಿಡ್ಕೊಂಡ. ಅವನ ಉಗುರು ನನ್ನ ಕೈಗೆ ಗೀರಿತ್ತು.” ಆಮೇಲೆ ಅವನು ಮುಖ ಒರೆಸಿಕೊಂಡ. ಪ್ರೊಜೆಕ್ಟರ್ ಆಪರೇಟರ್ ಕೆಳಗಿಳಿದು ಬಂದು ಅವನಿಗೆ ಒಂದು ಸೋಡಾ ಕೊಟ್ಟ. ಕಹಳೆ ಕುಡಿದು, ತೇಗಿ, ಮತ್ತೆ ಮನುಷ್ಯನಾದ.

ಫಲಕದ ಸಮಸ್ಯೆ ಉಳಿಯಿತು. ಬಟ್ಟೆ ಸರಿಸಿದರು. ಕರೀ ಕಲ್ಲು, ಬಂಗಾರದ ಅಕ್ಷರ: ‘ಹಿಂದಿನಿಂದ ಶಬ್ದ ತಂದ ಮೊದಲಿಗ’. ಇನ್ನೊಂದು ಕಲ್ಲು ಮಾಡಿಸುವುದು ಆಗದ ಮಾತು ಎಂದು ಅಧ್ಯಕ್ಷರು ಸೂರು ನೋಡಿದರು. ಕೆಳಗೆ ಕಹಳೆಯವರ ಹೆಸರನ್ನೂ ಸಣ್ಣದಾಗಿ ಸೇರಿಸಬಹುದು ಎಂದ ಕಾರ್ಯದರ್ಶಿ.

“ಅವನ ಕೆಳಗೆ ನಾನಾ? ಸಣ್ಣದಾಗಾ?” ಎಂದು ಕಹಳೆ ಸೋಡಾ ಬಾಟಲಿ ಕೆಳಗಿಟ್ಟ. ಕಾರ್ಯದರ್ಶಿ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಕಹಳೆ ಕಲ್ಲಿನ ಹತ್ತಿರ ಹೋಗಿ, ಕಡೆಯ ಅಕ್ಷರದ ಮುಂದೆ ಉಳಿದಿದ್ದ ಜಾಗಕ್ಕೆ ಎರಡು ಬೆರಳು ಅಡ್ಡ ಇಟ್ಟು ನೋಡಿದ.

“ಹೆಸರು ಬೇಡ,” ಎಂದ. “ಇಲ್ಲಿ ಒಂದು ‘ರು’ ಹಾಕ್ಸಿ, ಸಾಕು. ‘ಮೊದಲಿಗರು’.”

ಅಧ್ಯಕ್ಷರ ಮುಖ ಅರಳಿತು. “ಅದೇ ಸರಿ! ಮೊದಲಿಗ ಅಂದ್ರೆ ಏಕವಚನ ಆಗಿಬಿಡ್ತು. ಹಿರಿಯರಿಗೆ ಮರ್ಯಾದೆ ಬೇಡ್ವೇ? ನನಗೂ ಅನ್ನಿಸಿತ್ತು.”

“ಮರ್ಯಾದೆ ಅವನಿಗೆ ಯಾವನ್ರೀ ಕೊಟ್ಟ?” ಎಂದ ಕಹಳೆ. “ಇಬ್ಬರು ಅಂತ ಅರ್ಥ.”

“ಎರಡೂ ಅರ್ಥ ಬರುತ್ತೆ, ಬಿಡು,” ಎಂದಳು ಟೈಲರಮ್ಮ.

ಕಲ್ಲು ಕೆತ್ತುವವನು ಆ ವಾರವೇ ಬಂದು ‘ರು’ ಸೇರಿಸಿದ. ಜಾಗ ಸಾಲದೆ ಅದರ ಕೊಂಬು ಚೌಕಟ್ಟಿನ ಆಚೆಗೆ ಇಣುಕಿತು. ಓದಿದವರು ಸಂಘದವರ ವಿನಯವನ್ನು ಮೆಚ್ಚಿಕೊಂಡರು. ಕಹಳೆ ಮಾತ್ರ ದಿನಕ್ಕೊಂದು ಸಲ ಆ ರಸ್ತೆಯಲ್ಲಿ ಬಂದು, ಟಿಕೆಟ್ ಹರಿಯುವವನನ್ನು ಮಾತಾಡಿಸುವ ನೆಪದಲ್ಲಿ, ಆ ಕೊಂಬನ್ನು ನೋಡಿ ಹೋಗುತ್ತಿದ್ದ.

ಕೆಲವು ದಿನ ಕಳೆದು ಅವನು ಟೈಲರಮ್ಮನ ಮನೆಗೆ ಬಂದ. ಬೆಂಚಿನ ಮೇಲೆ ಕೂತು, ಅವಳು ಹೊಲಿಗೆ ಯಂತ್ರ ತುಳಿಯುವುದನ್ನು ತಲೆ ಓರೆ ಮಾಡಿ ಕೇಳಿಸಿಕೊಂಡ.

“ನಿಮ್ಮ ಮಿಶನ್ನು ಕತ್ತೆ ಥರ ಅರಚುತ್ತೆ ಅತ್ತಿಗೆ. ಆ ಮೂರ್ಖ ಇಷ್ಟು ವರ್ಷ ಇದೇ ಮನೇಲಿ ಹೆಂಗೆ ಇದ್ದ? ಎಣ್ಣೆ ಬಿಡಿ.”

“ಬಿಟ್ಟಿದ್ದೀನಿ.”

“ಬಿಟ್ಟಿಲ್ಲ. ಚಕ್ರದ ಹತ್ರ ಬಿಟ್ಟಿರ್ತೀರಿ, ಕೆಳಗೆ ಬಿಟ್ಟಿಲ್ಲ.”

“ಮಿಶನ್ನು ನಂದು. ಕೆಳಗೆ ಎಲ್ಲಿ ಬಿಡಬೇಕು ಅಂತ ಮೈಕ್‌ಸೆಟ್ಟಿನೋರಿಂದ ಕಲಿಯೋ ಗತಿ ಬಂದಿಲ್ಲ ನನಗೆ.”

“ಗತಿ ಬಂದಿದೆ ಅಂತ ಅದೇ ಕೂಗಿ ಹೇಳ್ತಿದೆಯಲ್ಲ!”

ಒಳಗಿಂದ ಮಗಳು ಓಡಿ ಬಂದಳು, ಏನೋ ಅನಾಹುತವಾಗಿದೆ ಎಂದು. ಇಬ್ಬರೂ ನೆಲದ ಮೇಲೆ ಕೂತು, ಯಂತ್ರವನ್ನು ಓರೆಯಾ​ಗಿಸಿ ಹಿಡಿದುಕೊಂಡು, ಎಣ್ಣೆ ಯಾವ ತೂತಿಗೆ ಎಂದು ಜೋರು ಗಂಟಲಲ್ಲಿ ಕಾದಾಡುತ್ತಿದ್ದರು. ಅಮ್ಮನ ಮುಖ ಕೆಂಪೇರಿತ್ತು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿ ಮಗಳಿಗೆ ಎಷ್ಟೋ ದಿನವಾಗಿತ್ತು. ಮಲಗಿಸುವ ಗೋಜಿಗೆ ಹೋಗದೆ ಅವಳು ಒಳಗೆ ಹೋಗಿ ಮೂರು ಲೋಟ ಚಹಾಕ್ಕೆ ನೀರಿಟ್ಟಳು.